ಬಿಟ್ಟುಹೋದ ‘ಅಂತೆ’

ಬೇರೆಯವರ ಮಾತನ್ನು ಬರೆದುಕೊಳ್ಳುವುದು ನನ್ನ ಹೊಟ್ಟೆಪಾಡು. ಶಾಸಕರ ಸಮಿತಿಗಳು ಸರ್ಕಾರಿ ಅಧಿಕಾರಿಗಳನ್ನು ಕರೆಸಿ ‘ಇದು ಯಾಕೆ ಆಗಲಿಲ್ಲ, ಅದು ಯಾವಾಗ ಆಗುತ್ತದೆ’ ಎಂದು ಕೇಳುತ್ತವಲ್ಲ, ಆ ಉದ್ದ ಮೇಜಿನ ತುದಿಯಲ್ಲಿ ತಲೆ ಬಗ್ಗಿಸಿ ಕುಳಿತ ಹೆಂಗಸು ನಾನು. ಯಾರು ಏನು ಕೇಳಿದರು, ಯಾರು ಏನು ಹೇಳಿದರು ಎಂಬುದನ್ನು ಶೀಘ್ರಲಿಪಿಯಲ್ಲಿ ಹಿಡಿದು, ಆಮೇಲೆ ಅಚ್ಚುಕಟ್ಟಾದ ಕನ್ನಡದಲ್ಲಿ ಟೈಪು ಮಾಡಿ ಕೊಡಬೇಕು. ಆ ಕೊಠಡಿಯಲ್ಲಿ ನಾನು ಬಾಯಿ ತೆರೆಯುವಂತಿಲ್ಲ. ಇಪ್ಪತ್ತಾರು ವರ್ಷ ಸೀನು ಬಂದರೂ ತಡೆದುಕೊಂಡೇ ಕುಳಿತಿದ್ದೇನೆ. ‘ಅಲ್ಲಿ ಉಳಿಸಿದ್ದನ್ನೆಲ್ಲ ಮನೇಲಿ ಆಡಿ ತೀರಿಸ್ಕೊಳ್ತೀಯ’ ಎನ್ನುವುದು ನನ್ನ ಗಂಡನ ದೂರು. ಅದು ಸುಳ್ಳಲ್ಲ.

ಸಮಿತಿಯ ಒಳಗಿನ ಮಾತನ್ನು ಹೊರಗೆ ಆಡಬಾರದು ಎಂಬ ನಿಯಮವಿದೆ. ಆದ್ದರಿಂದ ಯಾವ ಸಮಿತಿ, ಯಾವ ಇಲಾಖೆ ಎಂದು ಹೇಳುವುದಿಲ್ಲ. ಇಲ್ಲಿ ಹೇಳಹೊರಟಿರುವುದು ಸಮಿತಿಯ ಗುಟ್ಟನ್ನಲ್ಲ, ನನ್ನ ತಪ್ಪನ್ನು. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ನನಗೆ ಕೆಲಸ ಕಲಿಸಿದ ಹಿರಿಯರು ಬಿಳಿ ಅಂಗಿಯ, ಸಿಡುಕು ಮೂತಿಯ ಮನುಷ್ಯ. ಅವರು ಮೊದಲ ದಿನವೇ ಹೇಳಿದ್ದರು: ‘ಜನ ಮಾತಾಡೋದ್ರಲ್ಲಿ ಅರ್ಧ ಜೊಳ್ಳು ಕಣಮ್ಮ. ಏನಂದ್ರೆ, ಅಲ್ವಾ, ಅಂದ್ರೆ, ಮತ್ತೆ, ಅಂತೆ, ಕಂತೆ. ಎಲ್ಲಾ ತೂರಿಬಿಡು. ಕಾಳು ಉಳಿಸ್ಕೋ.’ ನಾನು ತೂರುವುದರಲ್ಲಿ ನಿಸ್ಸೀಮಳಾದೆ. ತಡವರಿಸಿ, ಉಗುಳು ನುಂಗಿ, ಮೂರು ಭಾಷೆ ಬೆರೆಸಿ ಮಾತಾಡಿದ ಅಧಿಕಾರಿ ನನ್ನ ವರದಿಯಲ್ಲಿ ಪಂಡಿತನಾಗಿ ಹೊರಬರುತ್ತಿದ್ದ. ಕೆಲವರು ಪ್ರತಿ ಓದಿ, ‘ನಾನು ಇಷ್ಟು ಚೆನ್ನಾಗಿ ಮಾತಾಡಿದ್ನಾ ಮೇಡಂ?’ ಎಂದು ಕೇಳಿದ್ದೂ ಉಂಟು. ಆ ಹೊಗಳಿಕೆಗೆ ನಾನು ಉಬ್ಬುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ದಿನ ಸಮಿತಿಯ ಮುಂದಿದ್ದದ್ದು ಮರ್ಫಿ ಟೌನಿನ ಒಂದು ಗಲ್ಲಿಯ ಹೆಂಗಸರು ಕೊಟ್ಟ ಅರ್ಜಿ. ಕುಡಿಯುವ ನೀರಿನ ಪೈಪು ಮೋರಿಯೊಳಗೆ ಹಾದುಹೋಗುತ್ತದೆ, ಎಲ್ಲೋ ಒಡೆದಿದೆ, ನಲ್ಲಿಯಲ್ಲಿ ಬರುವ ನೀರು ನಾರುತ್ತದೆ ಎಂಬುದು ದೂರು. ನನ್ನ ಮನೆ ಹಲಸೂರಿನಲ್ಲಿ, ಆ ಗಲ್ಲಿಗೆ ಹತ್ತು ನಿಮಿಷದ ನಡಿಗೆ. ಅರ್ಜಿಗೆ ಮೊದಲ ಸಹಿ ಹಾಕಿದ್ದವಳು ಅಲ್ಲಿ ಬೆಳಗಿನ ಹೊತ್ತು ಇಡ್ಲಿ ಬೇಯಿಸಿ ಮಾರುವ ಹೆಂಗಸು. ಅವಳ ಕೈಯ ಇಡ್ಲಿ ನಾನು ಎಷ್ಟೋ ಸಲ ತಿಂದಿದ್ದೇನೆ. ಅವತ್ತು ಅವಳು ಸಮಿತಿಯ ಮುಂದೆ ಕುರ್ಚಿಯ ಅಂಚಿನಲ್ಲಿ ಕೂತು ನನ್ನನ್ನು ನೋಡಿ ನಕ್ಕಳು. ನಾನು ನಗಲಿಲ್ಲ. ಅಲ್ಲಿ ನಗುವಂತಿಲ್ಲ. ದೂರು ಹೇಳಿ ಮುಗಿಸಿದ ಮೇಲೆ ಅವಳನ್ನು ಹೊರಗೆ ಕಳಿಸಿ ಅಧಿಕಾರಿಗಳನ್ನು ಕರೆದರು.

ಇಲಾಖೆಯ ಕಡೆಯಿಂದ ಬಂದವರಲ್ಲಿ ಮುಖ್ಯರಾದವರು ಕಾರ್ಯಪಾಲಕ ಇಂಜಿನಿಯರ್. ಎಲ್ಲರೂ ಅವರನ್ನು ಇಇ ಎನ್ನುತ್ತಾರೆ, ನಾನೂ ಹಾಗೆಯೇ ಅನ್ನುತ್ತೇನೆ. ಅವರ ಹಿಂದೆ ಗೋಡೆಗೆ ಒರಗಿಸಿದ ಕುರ್ಚಿಗಳ ಸಾಲಿನಲ್ಲಿ ಒಬ್ಬಳು ಕಿರಿಯ ಇಂಜಿನಿಯರ್, ಮಡಿಲಲ್ಲಿ ಕಡತ ಹಿಡಿದು ಕುಳಿತಿದ್ದಳು. ಆ ಹುದ್ದೆಗೆ ಬಂದು ಮೂರು ವಾರವಾಗಿತ್ತು ಅಷ್ಟೆ. ದಿನವೂ ಕೆ.ಆರ್. ಪುರದಿಂದ ರೈಲು ಹಿಡಿದು ಆಫೀಸಿಗೆ ಬರುವವಳೆಂದು ಆಮೇಲೆ ತಿಳಿಯಿತು. ಹಿಂದಿನ ಸಾಲಿನವರಿಗೆ ಮೈಕು ಇರುವುದಿಲ್ಲ. ಮೈಕಿಲ್ಲದವರ ಮಾತು ಧ್ವನಿಮುದ್ರಣದಲ್ಲಿ ಬರೀ ಗೊಣಗಾಟವಾಗಿ ಉಳಿಯುತ್ತದೆ. ಅಂಥವರಿಗೆ ನಮ್ಮ ಪೆನ್ನೇ ಗತಿ.

ಅಧ್ಯಕ್ಷರು ಹಿರಿಯ ಶಾಸಕರು. ಕನ್ನಡಕವನ್ನು ಹಣೆಗೇರಿಸಿ ಕೇಳಿದರು: ‘ಆ ಗಲ್ಲಿ ಪೈಪು ಚೇಂಜ್ ಮಾಡಿದ್ದೀರೋ ಇಲ್ವೋ? ಅಷ್ಟು ಹೇಳಿ ಸಾಕು.’

ಇಇ ಹಿಂದಕ್ಕೆ ತಿರುಗಿದರು. ಆ ಹುಡುಗಿ ಎದ್ದು ನಿಂತಳು. ಅದೇ ಹೊತ್ತಿಗೆ ಚಹಾ ಬಂತು. ಕಪ್ಪು ಬಸಿಗಳ ಸದ್ದು, ಒಬ್ಬ ಸದಸ್ಯರ ಫೋನು, ಇನ್ನೊಬ್ಬರು ‘ಸಕ್ಕರೆ ಇಲ್ದೇ ಇರೋದು ಯಾವ್ದಪ್ಪಾ’ ಎನ್ನುವುದು. ಅದರ ನಡುವೆ ಅವಳು ಏನೋ ಹೇಳಿದಳು. ನನ್ನ ಪೆನ್ನು ಓಡಿತು. ‘ಆಗಿದ್ಯಾ? ಸರಿ, ಮುಂದಿನ್ದು ತಗೊಳ್ರೀ’ ಎಂದರು ಅಧ್ಯಕ್ಷರು.

ಮಧ್ಯಾಹ್ನ ಕೂತು ಟೈಪು ಮಾಡಿದೆ. ಆ ಜಾಗಕ್ಕೆ ಬಂದಾಗ ಯೋಚನೆಯನ್ನೂ ಮಾಡದೆ ಹೀಗೆ ಬರೆದೆ: ‘ಕಿರಿಯ ಇಂಜಿನಿಯರ್: ಸದರಿ ಕೊಳವೆಯನ್ನು ಬದಲಾಯಿಸಲಾಗಿದೆ.’ ಎಷ್ಟು ಚೊಕ್ಕ ವಾಕ್ಯ! ಯಾರು ಬದಲಾಯಿಸಿದರು, ಯಾವಾಗ, ನೋಡಿದವರು ಯಾರು, ಏನೂ ಇಲ್ಲ. ಸರ್ಕಾರಿ ಕನ್ನಡದ ‘ಲಾಗಿದೆ’ಗೆ ಕರ್ತೃವೇ ಬೇಡ. ವರದಿ ಸಂಜೆಯೊಳಗೆ ನನ್ನ ಮೇಜು ಬಿಟ್ಟಿತು. ಸಾಕ್ಷಿ ನುಡಿದವರು ಓದಿ ತಿದ್ದಲಿ ಎಂದು ಒಂದು ಪ್ರತಿ ಕಳಿಸುವ ಪದ್ಧತಿಯಿದೆ. ಅದು ಮೇಲಧಿಕಾರಿಗಳ ಮೂಲಕವೇ ಹೋಗಬೇಕು. ಹೋಯಿತು. ಗಡುವಿನೊಳಗೆ ತಿದ್ದುಪಡಿ ಬರಲಿಲ್ಲ. ಬರಲಿಲ್ಲ ಎಂದರೆ ಒಪ್ಪಿದರು ಎಂದರ್ಥ. ಸಮಿತಿ ‘ದೂರು ಪರಿಹಾರವಾಗಿದೆ’ ಎಂದು ಆ ಅರ್ಜಿಯನ್ನು ಮುಗಿಸಿತು.

ನಾಲ್ಕು ತಿಂಗಳ ನಂತರ ಅದೇ ಗಲ್ಲಿಯಿಂದ ಮತ್ತೊಂದು ಅರ್ಜಿ ಬಂತು. ನೀರು ಹಾಗೆಯೇ ಇತ್ತು. ಇಡ್ಲಿ ಮಾರುವವಳ ಸೊಸೆ ಕಾಮಾಲೆಯಾಗಿ ಶಿವಾಜಿನಗರದ ಕಡೆ ಆಸ್ಪತ್ರೆಯಲ್ಲಿ ಮಲಗಿದ್ದಳು. ಅಧ್ಯಕ್ಷರು ಕೆಂಡವಾದರು. ಇಡೀ ಸಮಿತಿ ಜಾಗಕ್ಕೇ ಹೋಗಿ ನೋಡುವುದೆಂದು ತೀರ್ಮಾನವಾಯಿತು.

ಗಲ್ಲಿಯೊಳಗೆ ವಾಹನ ಹೋಗುವುದಿಲ್ಲ. ಶಾಸಕರು, ಅವರ ಹಿಂದೆ ಅಧಿಕಾರಿಗಳು, ಅವರ ಹಿಂದೆ ಫೋನಿನಲ್ಲಿ ವಿಡಿಯೊ ಮಾಡುವವರು, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಮೋರಿ ಕಲ್ಲಿನ ಮೇಲೆ ನಡೆದೆವು. ಇಡ್ಲಿ ಮಾರುವವಳು ನಲ್ಲಿ ತಿರುಗಿಸಿ ಒಂದು ಚೊಂಬು ನೀರು ಹಿಡಿದು ಅಧ್ಯಕ್ಷರ ಮೂಗಿನ ಹತ್ತಿರ ತಂದಳು. ‘ಕುಡೀರಿ ಸಾಮಿ. ಪೈಪ್ ಮಾತ್ತಿದಾರೆ ಅಂತ ಕಾಗದ ಬಂತಲ್ಲ ನಮ್ಗೆ. ಕುಡೀರಿ.’ ಅವಳ ಕನ್ನಡದಲ್ಲಿ ಕೋಪ ಬಂದಾಗ ತಮಿಳು ನುಗ್ಗುತ್ತದೆ, ಬದಲಾಯಿಸುವುದು ‘ಮಾತ್ತು’ವುದಾಗುತ್ತದೆ. ಅಧ್ಯಕ್ಷರು ಮುಖ ತಿರುಗಿಸಿದರು. ವಾಸನೆ ನನ್ನವರೆಗೂ ಬಂತು.

‘ಆವತ್ತಿನ ವರದಿ ತಂದಿದ್ದೀರಾ? ಓದ್ರಮ್ಮ’ ಎಂದರು ನನಗೆ.

ನಾನೇ ಓದಿದೆ. ನಾನು ಟೈಪು ಮಾಡಿದ ವಾಕ್ಯವನ್ನು ಆ ಗಲ್ಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಸದರಿ ಕೊಳವೆಯನ್ನು ಬದಲಾಯಿಸಲಾಗಿದೆ.

ಕಿರಿಯ ಇಂಜಿನಿಯರ್ ಜನರ ನಡುವಿನಿಂದ ಮುಂದೆ ಬಂದಳು. ‘ಸಾರ್, ನಾನು ಹಂಗಂದಿಲ್ಲ. ಆಗಿದ್ಯಂತೆ ಅಂದಿದ್ದೆ. ಆಗಿದೆ ಅಂದಿಲ್ಲ ಸಾರ್, ಆಗಿದ್ಯಂತೆ.’

ಯಾರೋ ಒಬ್ಬ ಸದಸ್ಯರು ನಕ್ಕರು. ‘ಅಂತೆ ಕಂತೆ ಹೇಳೋಕೆ ಸಮಿತಿ ಮುಂದೆ ಬರ್ತಾರೇನಮ್ಮಾ? ಅದಕ್ಕೆ ಸಂತೆಗೆ ಹೋಗು.’ ಗಲ್ಲಿಯಲ್ಲಿ ನಿಂತಿದ್ದವರೆಲ್ಲ ನಕ್ಕರು. ಅಧ್ಯಕ್ಷರು ನಗಲಿಲ್ಲ. ‘ನೋಡಮ್ಮ, ಬರ್ದಿರೋದು ಇಲ್ಲಿದೆ. ಪ್ರತಿ ಕಳಿಸಿದ್ವಿ, ನೀನು ತಿದ್ಲಿಲ್ಲ. ಈಗ ಜನ ಕಾಯಿಲೆ ಬಿದ್ದ ಮೇಲೆ ಅಂತೆ ಅಂತೀಯ. ಸಮಿತಿ ಮುಂದೆ ಸುಳ್ಳು ಹೇಳಿದ್ರೆ ಏನಾಗುತ್ತೆ ಗೊತ್ತಾ?’

ಅವಳಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು. ಸಮಿತಿಗೆ ಸುಳ್ಳು ಹೇಳುವುದು ಸದನಕ್ಕೇ ಸುಳ್ಳು ಹೇಳಿದಂತೆ. ಹಕ್ಕುಚ್ಯುತಿ ಎಂದು ಅದಕ್ಕೆ ಹೆಸರು. ಮುಂದಿನ ಸಭೆ ಹತ್ತು ದಿನಕ್ಕೆ. ಅಷ್ಟರಲ್ಲಿ ತೃಪ್ತಿಕರ ವಿವರಣೆ ಕೊಡದಿದ್ದರೆ ಅವಳನ್ನು ಅಮಾನತು ಮಾಡಿ ಎಂದು ಶಿಫಾರಸು, ಜೊತೆಗೆ ಹಕ್ಕುಚ್ಯುತಿಯ ವಿಚಾರಣೆ. ಇನ್ನೂ ಕೆಲಸ ಖಾಯಂ ಆಗದ ಹುಡುಗಿಗೆ ಇದರರ್ಥ ಮನೆಗೆ ಹೋಗು ಎಂದೇ. ಇಇ ಪಕ್ಕದಲ್ಲಿ ನಿಂತು ಪ್ಯಾಂಟಿಗೆ ಸಿಡಿದ ಕೊಚ್ಚೆಯನ್ನು ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋದವಳೇ ಬೀರು ತೆಗೆದು ಆ ದಿನದ ನೋಟ್‌ಬುಕ್ ಹುಡುಕಿದೆ. ನಿಜ ಹೇಳುತ್ತೇನೆ, ನಾನು ಹುಡುಕಿದ್ದು ಅವಳನ್ನು ಕಾಪಾಡಲು ಅಲ್ಲ. ಅವಳು ಸುಳ್ಳಿ ಎಂದು ನನಗೆ ನಾನೇ ಸಾಬೀತು ಮಾಡಿಕೊಂಡು ನೆಮ್ಮದಿಯಾಗಿ ಕಾಫಿ ಕುಡಿಯಬೇಕಿತ್ತು. ‘ಅಂತೆ’ಗೆ ನನ್ನದೇ ಒಂದು ಗುರುತಿದೆ, ಗೆರೆಯ ಕೆಳಗೆ ಚಿಕ್ಕ ಕೊಕ್ಕೆ. ಪುಟ ತಿರುಗಿಸುತ್ತಾ ಹೋದೆ. ಅಧ್ಯಕ್ಷರ ಪ್ರಶ್ನೆ. ಅವಳ ಉತ್ತರ. ಬದಲಾಯಿಸಿ ಆಗಿದೆ. ಅದರ ಕೆಳಗೆ ಕೊಕ್ಕೆ.

ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಕೊಕ್ಕೆ ಅಲ್ಲಿಯೇ ಇತ್ತು. ಚಹಾ ಕಪ್ಪುಗಳ ಗದ್ದಲದಲ್ಲೂ ನನ್ನ ಕಿವಿ ಸರಿಯಾಗಿ ಕೇಳಿಸಿಕೊಂಡಿತ್ತು, ಕೈ ಸರಿಯಾಗಿ ಬರೆದುಕೊಂಡಿತ್ತು. ಮಧ್ಯಾಹ್ನ ಊಟ ಮಾಡಿ ಬಂದು ಕೂತ ಪಂಡಿತೆ ಅದನ್ನು ಜೊಳ್ಳೆಂದು ತೂರಿಬಿಟ್ಟಿದ್ದಳು.

ಅಂತೆ ಎಂದರೆ ಜೊಳ್ಳಲ್ಲ. ನಮ್ಮ ಭಾಷೆಯಲ್ಲಿ ಅದೊಂದು ಪ್ರಮಾಣವಚನ. ನಾನು ಕಣ್ಣಾರೆ ಕಂಡಿಲ್ಲ, ಬೇರೆಯವರು ಹೇಳಿದರು ಎಂದು ಎರಡಕ್ಷರದಲ್ಲಿ ಹೇಳಿ ಮುಗಿಸುತ್ತೇವೆ. ಮದುವೆ ಆಯ್ತು ಎನ್ನುವವನು ಊಟ ಮಾಡಿ ಬಂದವನು, ಮದುವೆ ಆಯ್ತಂತೆ ಎನ್ನುವವನು ಕರೆಯೋಲೆ ಬರದೇ ಇದ್ದವನು. ಇದು ಮಕ್ಕಳಿಗೂ ಗೊತ್ತು. ಆ ಹುಡುಗಿ ಪ್ರಾಮಾಣಿಕವಾಗಿ ಅಂತೆ ಅಂದಿದ್ದಳು. ಅದು ವರದಿಯಲ್ಲಿ ಉಳಿದಿದ್ದರೆ ಓದಿದ ಯಾರಾದರೂ ‘ಯಾರು ಹೇಳಿದ್ದು?’ ಎಂದು ಕೇಳುತ್ತಿದ್ದರು. ಆ ಪ್ರಶ್ನೆಯ ಬಾಗಿಲಿಗೆ ಬೀಗ ಜಡಿದವಳು ನಾನು. ನಾಲ್ಕು ತಿಂಗಳು ಆ ಗಲ್ಲಿಯವರು ಮೋರಿ ನೀರು ಕುಡಿದದ್ದರಲ್ಲಿ ನನ್ನ ಪಾಲೂ ಇತ್ತು.

ನಮ್ಮ ವಿಭಾಗದ ಮುಖ್ಯಸ್ಥರ ಬಳಿ ಹೋಗಿ ನೋಟ್‌ಬುಕ್ ತೋರಿಸಿದೆ. ಅವರು ಕೆಟ್ಟವರಲ್ಲ. ಬಾಗಿಲು ಹಾಕಿಕೊಂಡು ಬಂದು ಕೂತರು.

‘ಈಗ ಏನ್ ಮಾಡ್ಬೇಕು ಅಂತೀರಿ?’

‘ವರದಿ ತಿದ್ಬೇಕು ಸಾರ್.’

‘ಅಂತಿಮ ಆಗಿರೋ ವರದೀನಾ? ಯೋಚ್ನೆ ಮಾಡ್ರಿ. ನಾಳೆಯಿಂದ ಪ್ರತಿಯೊಬ್ಬ ಅಧಿಕಾರೀನೂ, ನಾನು ಹಂಗಂದಿಲ್ಲ, ವರದಿಗಾರ್ರು ತಪ್ಪು ಬರ್ದಿದ್ದಾರೆ ಅಂತ ಶುರು ಮಾಡ್ತಾನೆ. ಒಂದು ಹುಡುಗಿಗೋಸ್ಕರ ನಮ್ಮೆಲ್ಲರ ಪೆನ್ನಿಗೂ ಬೆಲೆ ಇಲ್ದಂಗಾಗುತ್ತೆ. ನಿಮ್ಮ ಬಡ್ತಿ ಫೈಲು ಬೇರೆ ಮೇಲಿದೆ.’ ಆಮೇಲೆ ಸ್ವರ ತಗ್ಗಿಸಿ ಹೇಳಿದರು: ‘ಹಳೇ ನೋಟ್‌ಬುಕ್‌ಗಳು ಶನಿವಾರ ಚೂರು ಮಾಡೋಕೆ ಹೋಗ್ತವೆ. ಅದೂ ಹೋಗ್ಲಿ ಬಿಡಿ.’

ಅವರ ಮಾತಿನಲ್ಲಿ ನ್ಯಾಯವೇ ಇರಲಿಲ್ಲ ಎನ್ನಲಾರೆ. ಸಮಿತಿಯ ಕೈಯಲ್ಲಿ ಪೊಲೀಸರಿಲ್ಲ, ಬೇಡಿಯಿಲ್ಲ. ಇರುವುದು ಒಂದೇ, ‘ನೀವು ಅವತ್ತು ಹೀಗೆ ಹೇಳಿದ್ದಿರಿ’ ಎಂದು ತೋರಿಸುವ ಕಾಗದ. ಆ ಕಾಗದವೇ ತಪ್ಪು ಎಂದರೆ ಅಧಿಕಾರಿಗಳನ್ನು ಹಿಡಿಯುವುದು ಹೇಗೆ? ಆದರೆ ಆ ಕಾಗದ ಇಲ್ಲಿ ಹಿಡಿದದ್ದು ಯಾರನ್ನು? ಗೋಡೆ ಪಕ್ಕದ ಕುರ್ಚಿಯವಳನ್ನು. ವರದಿಯನ್ನು ತಿದ್ದಲು ಅನುಮತಿ ಕೋರಿ ಅಧ್ಯಕ್ಷರಿಗೆ ಪತ್ರ ಬರೆದು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ನೋಟ್‌ಬುಕ್ಕನ್ನು ಮಾತ್ರ ಅವರಿಗೆ ಕೊಡಲಿಲ್ಲ. ನಿಯಮ ಮೀರಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಮೆಟ್ರೊದಲ್ಲಿ ಹಲಸೂರು ನಾಲ್ಕನೇ ನಿಲ್ದಾಣ. ಅಷ್ಟು ದೂರವೂ ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದೆ. ಕದ್ದ ಮಾಲು ಸಾಗಿಸುವವಳ ಪಾಡು.

ಪತ್ರ ಮೇಲೆ ಹೋಗಲಿಲ್ಲ. ದಿನವೂ ಕೇಳಿದೆ. ‘ನೋಡ್ತಿದೀನಿ’ ಎನ್ನುವ ಉತ್ತರ. ಶನಿವಾರ ಬಂತು, ಹಳೆಯ ನೋಟ್‌ಬುಕ್‌ಗಳ ಕಟ್ಟು ಹೋಯಿತು. ಸಂಕಟವಿತ್ತು, ಧೈರ್ಯ ಸಾಲುತ್ತಿರಲಿಲ್ಲ. ಬಡ್ತಿ ಬೇಕಾಗಿತ್ತು. ಇಪ್ಪತ್ತಾರು ವರ್ಷದ ಒಳ್ಳೆಯ ಹೆಸರು ಅದಕ್ಕಿಂತ ಹೆಚ್ಚಾಗಿ ಬೇಕಾಗಿತ್ತು. ಪತ್ರ ಕೊಟ್ಟಾಗಿದೆ, ಇನ್ನು ಅವರುಂಟು ದೇವರುಂಟು ಎಂದು ಕೈ ತೊಳೆದುಕೊಳ್ಳುವ ಯೋಚನೆಯೂ ಬಂತು.

ಸಭೆಯ ಹಿಂದಿನ ದಿನ ಬೆಳಿಗ್ಗೆ ಮರ್ಫಿ ಟೌನಿಗೆ ನಡೆದೆ. ಯಾಕೆ ಹೋದೆ ಎಂದರೆ ನನಗೂ ಸರಿಯಾಗಿ ಗೊತ್ತಿಲ್ಲ. ಇಡ್ಲಿ ಮಾರುವವಳು ಕ್ಯಾನ್ ನೀರಿನಲ್ಲಿ ಹಿಟ್ಟು ಕಲಸುತ್ತಿದ್ದಳು. ಸೊಸೆ ಮನೆಗೆ ಬಂದಿದ್ದಾಳೆ, ಇನ್ನೂ ಏಳಲಾರಳು ಎಂದಳು. ತಟ್ಟೆಗೆ ಎರಡು ಇಡ್ಲಿ ಹಾಕಿಕೊಟ್ಟು ಪಕ್ಕದಲ್ಲೇ ಕೂತಳು.

‘ಆ ಇಂಜಿನಿಯರ್ ಹುಡ್ಗಿ ಐತಲ್ಲ ಅಕ್ಕಾ, ಅದರ ಕೈ ಸೇದೋಗ. ಒಂದು ಪೊಯ್, ಒಂದು ಸುಳ್ಳು ಹೇಳಿ ನಮ್ಮನ್ನ ಮುಳುಗಿಸ್ಬಿಟ್ಟಳು. ಅವಳಿಗೂ ಒಂದು ಅತ್ತೆ ಇರಲ್ವಾ, ಮನೇಲಿ ಹೆಣ್ಣುಮಕ್ಕಳು ಇರಲ್ವಾ? ನೀವೇ ಓದಿದ್ರಲ್ಲ ಅವತ್ತು.’

‘ಓದಿದೆ’ ಎಂದೆ.

ಶಾಪ ಕೊಡುತ್ತಿದ್ದವಳು ನನ್ನ ತಟ್ಟೆಗೆ ಇನ್ನಷ್ಟು ಚಟ್ನಿ ಬಡಿಸಿದಳು.

ಸಭೆಯ ದಿನ ಮೊದಲ ಸರದಿ ನನ್ನದು. ನಾವು ಒಬ್ಬರಾದ ಮೇಲೆ ಒಬ್ಬರು ಬರೆಯುತ್ತೇವೆ. ನನ್ನ ನಂತರದವಳು ಬಾಗಿಲ ಬಳಿಯ ಸ್ಟೂಲಿನಲ್ಲಿ ಕಾಯುತ್ತಿರುತ್ತಾಳೆ. ಅವತ್ತು ಕಾಯುತ್ತಿದ್ದವಳು ನಾನೇ ಶೀಘ್ರಲಿಪಿ ತಿದ್ದಿ ಕಲಿಸಿದ ಸಹೋದ್ಯೋಗಿ. ಕಿರಿಯ ಇಂಜಿನಿಯರನ್ನು ಈ ಸಲ ಮುಂದಿನ ಸಾಲಿಗೆ ಕರೆಸಿ, ಮೈಕಿನ ಮುಂದೆ ಕೂರಿಸಿದ್ದರು. ಪಕ್ಕದಲ್ಲಿ ಇಇ. ಅವರ ಆಚೆ ಇಲಾಖೆಯ ಕಾರ್ಯದರ್ಶಿ, ಇನ್ನಿಬ್ಬರು ಅಧಿಕಾರಿಗಳು.

‘ಏನಮ್ಮಾ, ವಿವರಣೆ?’ ಎಂದರು ಅಧ್ಯಕ್ಷರು.

‘ಸಾರ್, ನಾನು ಅಂತೆ ಅಂದಿದ್ದು ನಿಜ. ವರದಿ ಪ್ರತಿ ನನ್ನ ಕೈಗೇ ಬರ್ಲಿಲ್ಲ. ನನ್ನ ಹತ್ರ ಪ್ರೂಫ್ ಇಲ್ಲ ಸಾರ್.’

ಇಇ ಅವಳ ಮುಂದೆ ಒಂದು ಹಾಳೆ ಸರಿಸಿದರು. ಬಹಳ ಮೃದುವಾಗಿ ಮಾತಾಡಿದರು. ‘ಮಾನ್ಯ ಅಧ್ಯಕ್ಷರೇ, ಹುಡುಗಿಗೆ ಅನುಭವ ಇಲ್ಲ. ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ ಬರ್ಕೊಡ್ತಾಳೆ. ಅಮಾನತಿಗೆ ನಮ್ಮದೇನೂ ಅಭ್ಯಂತರ ಇಲ್ಲ. ಹಕ್ಕುಚ್ಯುತಿ ಒಂದು ಕೈಬಿಟ್ಟು ಕರುಣೆ ತೋರಿಸ್ಬೇಕು.’

ಹಾಳೆ ಮೊದಲೇ ಟೈಪಾಗಿ ಬಂದಿತ್ತು. ಸಹಿಯ ಜಾಗ ಮಾತ್ರ ಖಾಲಿ. ಅವಳು ಅದನ್ನು ಓದಿದಳು. ಕೊನೆಯವರೆಗೂ ಓದಿದಳು. ಪೆನ್ನಿನ ಮುಚ್ಚಳ ತೆಗೆದಳು.

ನನ್ನ ಪತ್ರ ಇನ್ನೂ ಮುಖ್ಯಸ್ಥರ ಮೇಜಿನ ಮೇಲಿತ್ತು. ನಾನು ಮಾತಾಡದಿದ್ದರೆ ಅವಳು ಸಹಿ ಹಾಕುತ್ತಾಳೆ. ಸಹಿ ಬಿದ್ದ ಮೇಲೆ ನನ್ನ ಕೊಕ್ಕೆಗೆ ಮೂರು ಕಾಸಿನ ಬೆಲೆಯಿಲ್ಲ. ಅವಳೇ ಒಪ್ಪಿಕೊಂಡಿದ್ದಾಳಲ್ಲ ಎನ್ನುತ್ತಾರೆ.

‘ಸಾರ್, ವರದಿ ತಪ್ಪಿದೆ.’

ಹೇಳಿದ್ದು ನಾನೇ ಎಂದು ತಿಳಿಯಲು ನನಗೇ ಒಂದು ಕ್ಷಣ ಬೇಕಾಯಿತು. ಎಲ್ಲರೂ ಆ ಕಡೆ ಈ ಕಡೆ ನೋಡಿದರು. ಮೇಜಿನ ತುದಿಯ ಕುರ್ಚಿಯಿಂದ ಸ್ವರ ಬಂದದ್ದು ಅವರಿಗೂ ಮೊದಲ ಸಲ.

‘ಯಾರ್ರೀ ಮಾತಾಡಿದ್ದು?’

ಎದ್ದು ನಿಂತೆ. ‘ಆ ವರದಿ ಬರ್ದಿದ್ದು ನಾನು ಸಾರ್. ಈ ಮೇಡಂ ಆಗಿದೆಯಂತೆ ಅಂದಿದ್ದರು. ಟೈಪ್ ಮಾಡುವಾಗ ಅಂತೆ ಬಿಟ್ಟುಬಿಟ್ಟೆ. ನನ್ನ ನೋಟ್‌ಬುಕ್ಕಲ್ಲಿ ಇದೆ.’ ಕೆಳಗೆ ನೋಡಿದರೆ, ನನ್ನ ಬಲಗೈ ತನ್ನ ಪಾಡಿಗೆ ತಾನು ಈ ಮಾತನ್ನೂ ಬರೆದುಕೊಳ್ಳುತ್ತಿತ್ತು. ಅದಕ್ಕೆ ಇನ್ನೇನೂ ಗೊತ್ತಿಲ್ಲ ಪಾಪ.

‘ಕೊಡಿ ಇಲ್ಲಿ.’ ಬ್ಯಾಗಿನಿಂದ ತೆಗೆದು ಆ ಪುಟ ಬಿಡಿಸಿ ಕೊಟ್ಟೆ. ಅಧ್ಯಕ್ಷರು ಕನ್ನಡಕ ಇಳಿಸಿ ಪುಟ ನೋಡಿದರು, ತಿರುಗಿಸಿ ನೋಡಿದರು. ‘ಇದೇನ್ರಮ್ಮ, ಇರುವೆ ಸಾಲು! ಇದ್ರಲ್ಲಿ ಅಂತೆ ಎಲ್ಲಿದೆ, ಕಂತೆ ಎಲ್ಲಿದೆ?’

ಯಾರೂ ನಗಲಿಲ್ಲ. ಇಇ ಎದ್ದು, ‘ಈಗ ಸೇರಿಸಿರಬಹುದಲ್ಲ, ಮಾನ್ಯ ಅಧ್ಯಕ್ಷರೇ’ ಎಂದರು.

ಅಧ್ಯಕ್ಷರು ಅವರನ್ನು ಒಮ್ಮೆ ನೋಡಿ ಬಾಗಿಲ ಕಡೆ ಕೈ ಮಾಡಿದರು. ‘ನೀನು ಬಾಮ್ಮ. ನಿಂಗೂ ಈ ವಿದ್ಯೆ ಬರುತ್ತಲ್ಲ? ಈ ಪುಟ ಓದು. ಯಾವ ಸಾಲು ಅಂತ ನಾನು ಹೇಳಲ್ಲ. ಅವರ ಮುಖ ನೋಡ್ಬೇಡ.’

ನನ್ನ ಸಹೋದ್ಯೋಗಿ ಪುಟದ ಮೇಲಿನಿಂದ ಓದುತ್ತಾ ಬಂದಳು. ಅರ್ಧ ದಾರಿಯಲ್ಲಿ ಒಂದು ಪದಕ್ಕೆ ಸಿಕ್ಕಿ ನಿಂತಳು. ಅದು ಯಾರದೋ ಸಕ್ಕರೆಯ ಮಾತು, ಅದನ್ನೂ ಬರೆದುಕೊಂಡಿದ್ದೆ. ಮುಂದೆ ಹೋದಳು. ‘ಬದಲಾಯಿಸಿ ಆಗಿದೆ...’ ಎಂದಳು. ಹಾಳೆಯನ್ನು ಬೆಳಕಿಗೆ ಹಿಡಿದಳು. ‘ಆಗಿದೆಯಂತೆ, ಸಾರ್. ಕೆಳಗೆ ಕೊಕ್ಕೆ ಇದೆ. ಒಂದೇ ಶಾಯಿ, ಒಂದೇ ಓಟದಲ್ಲಿ ಬಂದಿದೆ. ಆಮೇಲೆ ಸೇರಿಸಿದ್ದಲ್ಲ.’

ಅಧ್ಯಕ್ಷರು ನೋಟ್‌ಬುಕ್ ಮುಚ್ಚಿ ತಮ್ಮ ಮುಂದೆಯೇ ಇಟ್ಟುಕೊಂಡರು. ‘ನಿಮ್ಮ ವಿಚಾರ ಆಮೇಲೆ ನೋಡ್ತೀನಿ, ಕೂತ್ಕೊಳ್ಳಿ’ ಎಂದು ನನಗೆ ಹೇಳಿ, ಆ ಹುಡುಗಿಯ ಕಡೆ ತಿರುಗಿದರು. ಸ್ವರ ಬದಲಾಗಿತ್ತು. ‘ಅಂತೆ ಅಂದ್ಮೇಲೆ ಯಾರೋ ನಿಂಗೆ ಹೇಳಿರ್ಬೇಕಲ್ಲಮ್ಮ. ಯಾರು ಹೇಳಿದ್ದು?’

ನಾಲ್ಕು ತಿಂಗಳ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ ಅದು. ಅವಳು ಮುಂದಿದ್ದ ಕ್ಷಮಾಪಣೆಯ ಹಾಳೆಯನ್ನೇ ನೋಡುತ್ತಿದ್ದಳು. ಇಇ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿ ಅವಳನ್ನು ನೋಡಿದರು. ಅಷ್ಟೇ, ಬರೀ ನೋಡಿದರು. ನಾಳೆಯೂ ಅವರ ಕೈಕೆಳಗೇ ಕೆಲಸ, ವರ್ಷಕ್ಕೊಮ್ಮೆ ಅವಳ ಕೆಲಸದ ಬಗ್ಗೆ ಗೋಪ್ಯ ವರದಿ ಬರೆಯುವವರೂ ಅವರೇ. ಅವಳು ‘ನೆನಪಿಲ್ಲ ಸಾರ್’ ಎಂದರೆ ಅಲ್ಲಿಗೆ ಮುಗಿಯಿತು.

‘ಇವರೇ ಸಾರ್’ ಎಂದಳು, ಮೈಕಿಗೂ ಕೇಳಿಸದಷ್ಟು ಮೆಲ್ಲಗೆ.

ಅವಳು ಯಾರನ್ನೂ ತೋರಿಸಲಿಲ್ಲ. ಆ ಸಾಲಿನಲ್ಲಿ ನಾಲ್ಕು ಜನ ಗಂಡಸರಿದ್ದರು. ‘ಇವರು’ ಎಂದು ಬರೆದರೆ ನಾಳೆ ಓದುವವರಿಗೆ ಅದು ಯಾರೂ ಅಲ್ಲ. ನಾನೇ ಊಹಿಸಿ ಹುದ್ದೆ ತುಂಬಿಕೊಳ್ಳಬಹುದಿತ್ತು. ಎಷ್ಟು ಸಲ ಹಾಗೆ ತುಂಬಿಲ್ಲ! ಆದರೆ ಅವತ್ತು ಕೈ ಮುಂದೆ ಹೋಗಲಿಲ್ಲ. ಆಗಲೇ ಕೆಟ್ಟವಳಾಗಿದ್ದೆ, ಇನ್ನೊಂದು ಸಲ ಬಾಯಿ ತೆರೆದೆ.

‘ಇವರು ಅಂದ್ರೆ ಯಾರು ಅಂತ ಬರ್ಕೊಳ್ಳಲಿ ಮೇಡಂ?’

ಅವಳು ತಲೆಯೆತ್ತಿ ಮೊದಲ ಸಲ ನನ್ನನ್ನು ನೋಡಿದಳು. ಆ ನೋಟದಲ್ಲಿ ಸ್ನೇಹ ಇರಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು.

‘ಕಾರ್ಯಪಾಲಕ ಇಂಜಿನಿಯರ್ ಅಂತ ಬರ್ಕೊಳ್ಳಿ. ಆಫೀಸಿಂದ ಸಭೆಗೆ ಬರುವಾಗ ಕಾರಲ್ಲಿ ಹೇಳಿದ್ರು. ಪೈಪ್ ಆಗಿದೆ, ಕೇಳಿದ್ರೆ ಆಗಿದೆ ಅಂತ ಹೇಳು ಅಂದ್ರು. ನಾನು ನೋಡಿರ್ಲಿಲ್ಲ. ಅದಕ್ಕೇ ಅಂತೆ ಅಂದೆ.’

ಒಂದಕ್ಷರ ಬಿಡದೆ ಬರೆದುಕೊಂಡೆ.

ಆಮೇಲಿನ ಒಂದು ಗಂಟೆ ಇಇ ಅವರದು. ಅದನ್ನು ಬರೆದವಳು ನನ್ನ ಸಹೋದ್ಯೋಗಿ. ಅದೇ ವಾರ ಗಲ್ಲಿಯ ಮೋರಿ ಅಗೆದು ಪೈಪು ಹಾಕಿದರು, ನಾನೇ ಹೋಗಿ ನೋಡಿ ಬಂದೆ. ನನಗೊಂದು ನೋಟಿಸು ಬಂತು. ಬಡ್ತಿ ಫೈಲು ಕೆಳಗಿಳಿಯಿತು. ಮುಖ್ಯಸ್ಥರು ಇವತ್ತಿಗೂ ನನ್ನೊಡನೆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾರೆ.

ಅಂದು ಸಭೆ ಮುಗಿದ ಮೇಲೆ ಆ ಹುಡುಗಿ ಕಾರಿಡಾರಿನಲ್ಲಿ ನನಗಾಗಿ ಕಾಯುತ್ತಿದ್ದಳು. ಧನ್ಯವಾದ ಹೇಳಲು ಇರಬಹುದು ಎಂದುಕೊಂಡೆ. ಮನುಷ್ಯರ ಆಸೆ.

‘ಮೇಡಂ, ಮರ್ಫಿ ಟೌನ್ ವಿಡಿಯೋ ನಮ್ಮ ಅಪ್ಪನ ಫೋನಿಗೂ ಬಂದಿತ್ತು. ನೀವು ಓದೋದು ಅದ್ರಲ್ಲಿದೆ. ಹತ್ತು ದಿನದಿಂದ ನನ್ನ ಹತ್ರ ಮಾತಾಡಿಲ್ಲ ಅವ್ರು. ನಾನೆಷ್ಟು ಹೇಳಿದ್ರೂ, ಬರ್ದಿರೋದು ಸುಳ್ಳಾಗುತ್ತಾ ಅಂತಾರೆ. ನೀವೇ ಬಂದು ಹೇಳ್ಬೇಕು.’

‘ಬರ್ತೀನಮ್ಮ. ಭಾನುವಾರ...’

‘ಇವತ್ತು’ ಎಂದಳು.

ಕೆ.ಆರ್. ಪುರಕ್ಕೆ ಒಟ್ಟಿಗೇ ಹೋದೆವು. ಸ್ಟೇಷನ್ನಿನಿಂದ ಸ್ವಲ್ಪ ಒಳಗೆ, ಮಾಳಿಗೆಯ ಮೇಲಿನ ಮನೆ. ಅವಳ ತಂದೆ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಗುಣಮಟ್ಟ ಪರೀಕ್ಷೆಯಲ್ಲಿದ್ದು ನಿವೃತ್ತರಾದವರು. ಒಂದೊಂದು ಬಿಡಿಭಾಗವನ್ನೂ ನೋಡಿ ಸರಿಯಿದ್ದರೆ ಮಾತ್ರ ಸಹಿ ಹಾಕಿದ ಕೈ ಅವರದು. ಸಹಿ ಇದ್ದದ್ದೆಲ್ಲ ಅವರ ಪಾಲಿಗೆ ನಿಜ. ಮಗಳು ನನ್ನನ್ನು ಬಾಗಿಲಲ್ಲಿ ಬಿಟ್ಟು ನೇರ ಅಡುಗೆಮನೆಗೆ ಹೋದಳು.

ಕೂರದೆಯೇ ಹೇಳಿದೆ. ‘ನಿಮ್ಮ ಮಗಳು ಸುಳ್ಳು ಹೇಳಿಲ್ಲ. ಅವರು ಸರಿಯಾಗೇ ಹೇಳಿದ್ರು. ನಾನು ತಪ್ಪು ಬರೆದೆ.’ ಅಂತೆಯ ಕತೆ, ಕೊಕ್ಕೆಯ ಕತೆ, ಎಲ್ಲವನ್ನೂ ತೂರದೆ, ಸೋಸದೆ ಹೇಳಿದೆ.

ಅವರು ಕೊನೆಯವರೆಗೂ ಕೇಳಿಸಿಕೊಂಡರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅವರು ಎದ್ದು ಟಿವಿ ಮೇಲಿದ್ದ ಬರೆಯುವ ಹಾಳೆ ತಂದು ನನ್ನ ಮುಂದಿಟ್ಟರು.

‘ನೀವು ಹೇಳೋದೆಲ್ಲ ಸರಿ ಇರಬಹುದಮ್ಮ’ ಎಂದರು. ‘ಬರ್ದು ಕೊಡ್ತೀರಾ?’

ಅಡುಗೆಮನೆಯಿಂದ ಅವಳು ಹೊರಗೆ ಬರಲಿಲ್ಲ. ನಾನು ಕೂತು ಬರೆದುಕೊಟ್ಟೆ.